ಎರಡು ಸಾವಿರದ ಐನೂರ ಇಪ್ಪತ್ತನೆಯ ಪೆಟ್ಟು

ಬಾಚಲೆಗೆ ಒಂದು ಅಭ್ಯಾಸವಿತ್ತು. ಅವಳ ಬಲಗೈಯ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಉಳಿದ ಬೆರಳುಗಳ ಗೆರೆಗಳ ಮೇಲೆ ಒಂದೊಂದಾಗಿ ನಡೆದು ಏಳರವರೆಗೆ ಹೋಗುತ್ತಿತ್ತು. ಮತ್ತೆ ಒಂದರಿಂದ ಶುರುಮಾಡುತ್ತಿತ್ತು. ಊಟಕ್ಕೆ ಕುಳಿತಾಗ ಬಲಗೈಗೆ ಬಿಡುವಿರದ ಕಾರಣ ಎಡಗೈ ಎಣಿಸುತ್ತಿತ್ತು. ಯಾರಾದರೂ ನೋಡಿದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಎಣಿಕೆ ಮಾತ್ರ ನಿಲ್ಲುತ್ತಿರಲಿಲ್ಲ.

ಅವಳು ಡೊಳ್ಳು ಕಲಿಸುವ ಒಬ್ಬ ಗುರುವಿನ ಶಿಷ್ಯೆ. ಆ ಗುರುವಿಗೆ ಹತ್ತು ಜನ ಶಿಷ್ಯರು. ಸಂಜೆ ಎಲ್ಲರೂ ಒಟ್ಟಿಗೆ ಕುಳಿತು ಬಾರಿಸುವುದು ಅಲ್ಲಿಯ ಪದ್ಧತಿ. ಒಂಬತ್ತು ಜನ ಎರಡರ, ಮೂರರ, ನಾಲ್ಕರ, ಆರರ ಎಣಿಕೆ ಹಿಡಿಯುತ್ತಿದ್ದರು. ಅವರು ಹನ್ನೆರಡಕ್ಕೊಮ್ಮೆ ಕೂಡುತ್ತಿದ್ದರು. ಬಾಚಲೆಯದು ಏಳು. ಅವಳು ಕೂಡುತ್ತಿರಲಿಲ್ಲ.

ಒಂದು ಸಂಜೆ ಹಿರಿಯ ಶಿಷ್ಯನು ಬಾರಿಸುವುದನ್ನು ನಡುವೆಯೇ ನಿಲ್ಲಿಸಿದನು.

"ಒಂಬತ್ತು ಜನ ಒಂದು ಕಡೆ ಇಳಿಯುತ್ತೇವೆ. ನೀನೊಬ್ಬಳು ಇನ್ನೆಲ್ಲೋ ಇಳಿಯುತ್ತೀ. ತಪ್ಪು ಒಂಬತ್ತು ಜನರದೋ, ನಿನ್ನದೋ? ನೀನೇ ಹೇಳಮ್ಮ" ಎಂದನು. ಎಲ್ಲರೂ ನಕ್ಕರು.

ಮರುದಿನ ಬೆಳಿಗ್ಗೆ ಬಾಚಲೆ ತನ್ನ ಬಟ್ಟೆಯನ್ನು ಗಂಟು ಕಟ್ಟಿ, ಡೊಳ್ಳನ್ನು ಹೆಗಲಿಗೆ ಹಾಕಿಕೊಂಡು ಗುರುಗಳ ಮುಂದೆ ನಿಂತಳು.

ಗುರುಗಳು ಒಂದು ಡೊಳ್ಳಿನ ಹಗ್ಗ ಬಿಗಿಯುತ್ತಿದ್ದರು. ಗಂಟನ್ನು ನೋಡಿದರು.

"ಗುರುಗಳೇ, ತನ್ನ ಎಣಿಕೆಯೇ ಬೇರೆಯಾದವಳು ಹತ್ತು ಜನರ ನಡುವೆ ಹೇಗಿರಬೇಕು? ಕೂಡಬೇಕೆಂದರೆ ಎಣಿಕೆ ಬಿಡಬೇಕು. ಎಣಿಕೆ ಉಳಿಯಬೇಕೆಂದರೆ ಅವರನ್ನು ಬಿಡಬೇಕು. ಮೂರನೆಯ ದಾರಿ ಉಂಟೇ?" ಎಂದು ಬಾಚಲೆ ಕೇಳಿದಳು.

"ಕುಳಿತುಕೋ" ಎಂದರು ಗುರುಗಳು.

ಬಾಚಲೆ ಕುಳಿತಳು. ಗಂಟನ್ನು ಮಡಿಲಲ್ಲೇ ಇಟ್ಟುಕೊಂಡಳು. ಗುರುಗಳು ಹೇಳತೊಡಗಿದರು.

ಕೋಟೆಯೊಳಗೆ ಒಂದು ಊರು. ಆ ಊರಿಗೆ ಹತ್ತು ಕೇರಿಗಳು. ಕೇರಿಗೊಂದು ಡೊಳ್ಳು. ಡೊಳ್ಳಿಗೊಂದು ಎಣಿಕೆ. ಒಂದರ ಕೇರಿಯ ಡೊಳ್ಳು ಪ್ರತಿ ಎಣಿಕೆಗೂ ಬೀಳುತ್ತಿತ್ತು. ಎರಡರ ಕೇರಿಯದು ಎರಡೆಣಿಕೆಗೊಮ್ಮೆ. ಮೂರರದು ಮೂರೆಣಿಕೆಗೊಮ್ಮೆ. ಹೀಗೆ ಹತ್ತರವರೆಗೆ.

ಈ ಎಣಿಕೆಗಳು ಅವರವರ ಕೆಲಸದಿಂದ ಬಂದವು. ಮೂರರ ಕೇರಿಯಲ್ಲಿ ಮೂವರು ಹೆಂಗಸರು ಒಂದೇ ಒರಳಿಗೆ ಸರದಿಯಂತೆ ಒನಕೆ ಹಾಕುತ್ತಿದ್ದರು. ನಾಲ್ಕರ ಕೇರಿಯವರು ಪಲ್ಲಕ್ಕಿ ಹೊರುವವರು. ಏಳು ಎಲ್ಲಿಂದ ಬಂತೆಂದು ಏಳರ ಕೇರಿಯವರಿಗೂ ಗೊತ್ತಿರಲಿಲ್ಲ. ಕೇಳಿದರೆ, "ನಮ್ಮದು ಏಳು" ಎನ್ನುತ್ತಿದ್ದರು. ಇನ್ನೂ ಕೇಳಿದರೆ, "ನಿಮ್ಮದಲ್ಲವಲ್ಲ, ನಿಮಗೇಕೆ?" ಎನ್ನುತ್ತಿದ್ದರು.

ಕೂಸು ಹುಟ್ಟಿದರೆ ಬಾಗಿಲ ಮುಂದೆ ಕೇರಿಯ ಡೊಳ್ಳು ಬಾರಿಸಬೇಕು. ಹೆಸರು ಇಡುವ ಮೊದಲೇ ಅದರ ಕಿವಿಗೆ ಕೇರಿಯ ಎಣಿಕೆ ಬೀಳಬೇಕು. ಹೆಣ ಎತ್ತುವಾಗಲೂ ಅದೇ ಎಣಿಕೆ. ಮುಪ್ಪಿನಲ್ಲಿ ಮಕ್ಕಳ ಹೆಸರು ಮರೆತವರಿದ್ದರು. ಕೇರಿಯ ಎಣಿಕೆ ಮರೆತವರು ಇರಲಿಲ್ಲ.

ಒಮ್ಮೆ ಊರಿನ ಕಣಜಕ್ಕೆ ಬೆಂಕಿ ಬಿತ್ತು. ಹತ್ತು ಡೊಳ್ಳು ಹತ್ತು ಬಗೆಯಾಗಿ ಕೂಗಿದವು. ಮದುವೆಯೋ ಬೆಂಕಿಯೋ ಜನಕ್ಕೆ ತಿಳಿಯಲಿಲ್ಲ. ತಡವಾಗಿ ಬಂದರು. ಅರ್ಧ ಕಣಜ ಸುಟ್ಟುಹೋಯಿತು.

ಊರಿನ ನಾಯಕನು ಹತ್ತೂ ಕೇರಿಯ ಹಿರಿಯರನ್ನು ಕರೆಸಿದನು. "ಇನ್ನು ಈ ಊರಿಗೆ ಒಂದೇ ಡೊಳ್ಳು. ಉಳಿದವನ್ನು ನನ್ನ ಉಗ್ರಾಣದಲ್ಲಿ ಇಡಿ" ಎಂದನು. ಹಿರಿಯರು ಬೇಡಿಕೊಂಡರು. ಮೂರರ ಕೇರಿಯ ಮುದುಕಿಯೊಬ್ಬಳು ಅತ್ತೇ ಬಿಟ್ಟಳು. ನಾಯಕನು ಕೆಟ್ಟವನಲ್ಲ. ಸ್ವಲ್ಪ ಹೊತ್ತು ಯೋಚಿಸಿದನು.

"ಕೋಟೆಗೆ ಹೊಸ ಬಾಗಿಲು ಕೂರಿಸಿದ್ದೇವೆ. ಅದನ್ನು ತೆರೆಯುವ ದಿನ ಹತ್ತೂ ಡೊಳ್ಳು ಒಟ್ಟಿಗೆ ಶುರುಮಾಡಲಿ. ಎರಡು ಬಟ್ಟಲು ಮುಳುಗುವುದರೊಳಗೆ ಹತ್ತೂ ಒಂದೇ ಪೆಟ್ಟಿಗೆ ಕೂಡಬೇಕು. ಕೂಡಿದರೆ ಆ ಪೆಟ್ಟಿಗೇ ಬಾಗಿಲು ತೆರೆಯಲಿ, ಡೊಳ್ಳು ನಿಮ್ಮಲ್ಲೇ ಉಳಿಯಲಿ. ಕೂಡದಿದ್ದರೆ ಹತ್ತೂ ನನಗೆ" ಎಂದನು.

ಬಟ್ಟಲು ಎಂದರೆ ಗಳಿಗೆ ಬಟ್ಟಲು. ತಳದಲ್ಲಿ ಸೂಜಿ ಹೋಗುವಷ್ಟು ತೂತಿರುವ ತಾಮ್ರದ ಬಟ್ಟಲು. ನೀರಿನ ಮೇಲೆ ಬಿಟ್ಟರೆ ನಿಧಾನವಾಗಿ ತುಂಬಿ ಮುಳುಗುತ್ತದೆ. ಆಗ ಒಂದು ಗಳಿಗೆ ಆಯಿತೆಂದು ಲೆಕ್ಕ.

ಹಿರಿಯರು ಒಪ್ಪಿದರು. ಉಳಿದವರು ತಮ್ಮ ಕಡೆಗೆ ಬಾಗುತ್ತಾರೆ ಎಂದು ಪ್ರತಿಯೊಂದು ಕೇರಿಯೂ ನಂಬಿತ್ತು.

ಆ ದಿನ ಬಂತು. ಬಾಗಿಲ ಮುಂದೆ ಹತ್ತು ಡೊಳ್ಳುಗಳನ್ನು ಸಾಲಾಗಿ ಇಟ್ಟರು. ಒಂದರ ಡೊಳ್ಳಿಗೆ ಒಬ್ಬ ಮುದುಕ ಕುಳಿತ. ಅವನ ಪೆಟ್ಟು ಹಿಡಿದೇ ಉಳಿದವರು ಎಣಿಸಬೇಕು. ಎರಡರ ಡೊಳ್ಳಿಗೆ ಬಾಯಿ ಜೋರಿನ ಒಬ್ಬ ದಪ್ಪ ಮನುಷ್ಯ ಕುಳಿತ. ಏಳರ ಡೊಳ್ಳಿಗೆ ಕುಳಿತವಳು ಒಬ್ಬ ಹೆಂಗಸು. ಅದು ಅವಳ ಅತ್ತೆ ಬಾರಿಸುತ್ತಿದ್ದ ಡೊಳ್ಳು. ಅತ್ತೆಗೆ ಇವಳ ಅಡುಗೆ ಒಂದು ದಿನವೂ ಹಿಡಿಸಿರಲಿಲ್ಲ. ಇವಳ ಏಳು ಮಾತ್ರ ಹಿಡಿಸಿತ್ತು.

ಪಕ್ಕದಲ್ಲಿ ನಾಯಕನ ಗಣಕನು ಹುಣಸೆಬೀಜದ ರಾಶಿ ಇಟ್ಟುಕೊಂಡು ಕುಳಿತನು. ಎಣಿಕೆಗೊಂದು ಬೀಜ ಪಕ್ಕಕ್ಕೆ ಸರಿಸುವುದು ಅವನ ಕೆಲಸ. ಬಟ್ಟಲನ್ನು ನೀರಿಗೆ ಬಿಟ್ಟರು. ಮುದುಕನು ಮೊದಲ ಪೆಟ್ಟು ಹೊಡೆದನು.

ಎರಡು ಮೂರರ ಜೊತೆ ಕೂಡಿತು, ಬಿಟ್ಟಿತು. ಐದು ಹತ್ತರ ಜೊತೆ ಕೂಡಿತು, ಬಿಟ್ಟಿತು. ಕೆಲವೊಮ್ಮೆ ನಾಲ್ಕು ಡೊಳ್ಳು ಒಟ್ಟಿಗೆ ಬಿದ್ದವು, ಕೆಲವೊಮ್ಮೆ ಆರು. ಮುನ್ನೂರ ಅರವತ್ತನೆಯ ಎಣಿಕೆಗೆ ದೊಡ್ಡ ಸದ್ದಾಯಿತು. ಜನ ಕೂಗಿದರು. ಕಾವಲಿನವರು ಅಗುಳಿಗೆ ಕೈ ಹಾಕಿದರು.

ಗಣಕನು ಕೈ ಎತ್ತಿದನು. "ಒಂಬತ್ತು" ಎಂದನು.

ಏಳರ ಡೊಳ್ಳು ಮೂರು ಎಣಿಕೆ ಮೊದಲೇ ಬಿದ್ದಾಗಿತ್ತು.

ಡೊಳ್ಳುಗಳು ನಿಲ್ಲಲಿಲ್ಲ. ಎರಡರ ಕೇರಿಯವನು ಬಾರಿಸುತ್ತಲೇ ಏಳರವಳ ಕಡೆಗೆ ವಾಲಿದನು.

"ತಂಗೀ, ಮುಂದಿನ ಸಲ ನಾವೆಲ್ಲ ಕೂಡುವಾಗ ನೀನೂ ಕೈ ಹಾಕಿಬಿಡು. ಒಂದು ಪೆಟ್ಟು. ಯಾರಿಗೆ ಗೊತ್ತಾಗುತ್ತದೆ?"

"ನನಗೆ" ಎಂದಳು ಅವಳು.

ಮತ್ತೆ ಅಷ್ಟೇ ಎಣಿಕೆಗಳು ಕಳೆದ ಮೇಲೆ ಒಂಬತ್ತು ಡೊಳ್ಳುಗಳು ಎರಡನೆಯ ಸಲ ಕೂಡಿದವು. ಏಳರದು ಒಂದು ಎಣಿಕೆ ತಡವಾಗಿ, ಒಂಟಿಯಾಗಿ ಬಿತ್ತು.

"ಪಂಕ್ತಿ ಎದ್ದ ಮೇಲೆ ಎಲೆ ಹಿಡಿದುಕೊಂಡು ಬಂದಳು ನೋಡಿ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಊರೆಲ್ಲ ನಕ್ಕಿತು. ಅವಳ ಕಿವಿ ಕೆಂಪಾಯಿತು. ಕೈ ತಪ್ಪಲಿಲ್ಲ.

ಮೂರನೆಯ ಸಲ ಒಂಬತ್ತು ಕೂಡಿದಾಗ ಏಳು ಎರಡು ಎಣಿಕೆ ಮೊದಲೇ ಬಿದ್ದಿತ್ತು. ಹತ್ತರ ಕೇರಿಯ ಹಿರಿಯನು ಎದ್ದು ಬಂದನು. ಅವನು ಸಭ್ಯ ಮನುಷ್ಯ. ಕೈ ಮುಗಿದೇ ಮಾತಾಡಿದನು.

"ತಾಯಿ, ಏಳು ಇರದಿದ್ದರೆ ಇಷ್ಟರಲ್ಲಿ ಮೂರು ಸಲ ಬಾಗಿಲು ತೆರೆಯುತ್ತಿತ್ತು. ನಿನ್ನನ್ನು ಬಾಗು ಎಂದು ನಾನು ಹೇಳುವುದಿಲ್ಲ. ಡೊಳ್ಳನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗು. ನಿನ್ನ ಏಳು ನಿನ್ನಲ್ಲಿ ಇರಲಿ. ಈ ಊರಿಗೆ ಒಂಬತ್ತೇ ಕೇರಿ ಎಂದು ಒಡೆಯರಿಗೆ ನಾವು ಹೇಳಿಕೊಳ್ಳುತ್ತೇವೆ."

ಜನ ಸರಿದು ಅವಳಿಗೆ ದಾರಿ ಬಿಟ್ಟರು. ದಾರಿಯ ಕೊನೆಯಲ್ಲಿ ಅವಳ ಕೇರಿ ಕಾಣುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ತಲೆ ಎತ್ತಿಕೊಂಡೇ ಹೋಗಬಹುದಿತ್ತು. ಅವಳು ದಾರಿಯನ್ನು ನೋಡಿದಳು. ಏಳರವರೆಗೆ ನೋಡಿದಳು. ಡೊಳ್ಳಿಗೆ ಪೆಟ್ಟು ಕೊಟ್ಟಳು.

"ನಾನು ಹೋದರೆ ಹತ್ತನ್ನು ಎಲ್ಲಿಂದ ತರುತ್ತೀರಿ, ಅಪ್ಪಾ?" ಎಂದಳು.

ಹಿರಿಯನು ತನ್ನ ಜಾಗಕ್ಕೆ ಹಿಂದಿರುಗಿದನು. ಬಿಟ್ಟ ದಾರಿ ಹಾಗೇ ಉಳಿಯಿತು.

ನಾಲ್ಕನೆಯ ಸಲ ಅವಳದು ಎರಡು ಎಣಿಕೆ ತಡವಾಯಿತು. ಅದೇ ಹೊತ್ತಿಗೆ ಮೊದಲ ಬಟ್ಟಲು ಮುಳುಗಿತು. ಎರಡನೆಯದನ್ನು ಬಿಟ್ಟರು. ನಾಯಕನು ತಾನೇ ಎದ್ದು ಬಂದು ಅವಳ ಎದುರು ನಿಂತನು.

"ಏನಮ್ಮ, ನಿನ್ನ ಒಂದು ಪೆಟ್ಟಿನಿಂದ ಹತ್ತೂ ಕೇರಿಯ ಡೊಳ್ಳು ಉಳಿಯುತ್ತವೆ. ನಿನ್ನ ಹಟದಿಂದ ಹತ್ತೂ ಹೋಗುತ್ತವೆ. ಯಾವುದು ದೊಡ್ಡದು?"

"ಒಡೆಯಾ, ನಾನು ಸುಳ್ಳು ಪೆಟ್ಟು ಹೊಡೆದರೆ ಉಳಿಯುವುದು..." ಎಂದು ಅವಳು ಮಾತು ನಿಲ್ಲಿಸಿ ಡೊಳ್ಳು ಹೊಡೆದಳು. "...ಉಳಿಯುವುದು ಒಂಬತ್ತೇ. ನನ್ನ ಕೈಯಲ್ಲಿ ಬರೀ ಚರ್ಮ ಉಳಿಯುತ್ತದೆ. ಅದನ್ನು ಉಳಿಸಲು ನಾನು ಬರಲಿಲ್ಲ."

"ಹಾಗಾದರೆ ಯಾವತ್ತು ಕೂಡುತ್ತೀ?"

"ಗೊತ್ತಿಲ್ಲ, ಒಡೆಯಾ."

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹತ್ತೂ ಕೂಡುವ ಒಂದು ಎಣಿಕೆ ಇದೆಯೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದುದು ಏಳು ಮಾತ್ರ.

ಐದನೆಯ ಸಲ ಕೂಡುವಾಗ ಅವಳದು ಒಂದೇ ಒಂದು ಎಣಿಕೆ ಮೊದಲು ಬಿತ್ತು. ಈ ಸಲ ಕೂಗಿದವರು ಬೇರೆ ಕೇರಿಯವರಲ್ಲ. ಅವಳ ಗಂಡನೇ ಹಿಂದೆ ಬಂದು ನಿಂತಿದ್ದನು.

"ಒಂದೇ ಎಣಿಕೆ ಕಣೇ! ಒಂದು ಉಸಿರು ತಡೆದಿದ್ದರೆ ಆಗುತ್ತಿತ್ತು. ಸತ್ತ ನಮ್ಮವ್ವ ಬಂದು ಕೇಳುತ್ತಾಳೇನೇ?"

ಅವಳು ತಿರುಗಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಳು. ಆ ಹೊತ್ತಿನಲ್ಲಿ ಅವಳ ಕೈ ಬಹಳ ಭಾರವಾಗಿತ್ತು. ಏಳು ಬಂದಿತು. ಕೈ ಇಳಿಯಿತು.

ಆರನೆಯ ಸಲ ಒಂಬತ್ತು ಕೂಡಿದವು. ಏಳರ ಪೆಟ್ಟು ಮೂರು ಎಣಿಕೆ ತಡವಾಗಿ ಬಿತ್ತು. ಯಾರೂ ಕೂಗಲಿಲ್ಲ. ಯಾರೂ ನಗಲಿಲ್ಲ. ಎರಡನೆಯ ಬಟ್ಟಲು ಅರ್ಧ ತುಂಬಿತ್ತು. ಐದನೆಯ ಸಲ ಒಂದೇ ಎಣಿಕೆಯಷ್ಟು ಹತ್ತಿರ ಬಂದಿದ್ದಳು, ಈಗ ಮತ್ತೆ ದೂರವಾಗಿದ್ದಳು. ಇನ್ನು ಇದು ಆಗದ ಕೆಲಸ ಎಂದು ಜನರಿಗೆ ತೋರಿತು. ಕೆಲವರು ಮನೆಯ ಕಡೆ ಹೊರಟರು. ನಾಯಕನು ಸಾಕೆಂದು ಹೇಳಲು ಕೈ ಎತ್ತಿದನು.

ಆಗ ಗಣಕನು ಎದ್ದು ನಿಂತನು. ಎದ್ದ ರಭಸಕ್ಕೆ ಹುಣಸೆಬೀಜಗಳು ಚೆದುರಿದವು.

"ಒಡೆಯಾ, ನಿಲ್ಲಿಸಬೇಡಿ."

"ಏಕೆ?"

"ಏಳರ ಎಣಿಕೆಯವಳು ತಪ್ಪುವುದಕ್ಕೆ ಇರುವುದು ಆರೇ ಜಾಗ. ಮೂರು ಮೊದಲು, ಎರಡು ಮೊದಲು, ಒಂದು ಮೊದಲು. ಒಂದು ತಡ, ಎರಡು ತಡ, ಮೂರು ತಡ. ಒಂದು ಸಲ ತಪ್ಪಿದಲ್ಲಿ ಇನ್ನೊಂದು ಸಲ ತಪ್ಪಲಿಲ್ಲ. ಆರೂ ಆಗಿಹೋದವು. ಇನ್ನು ತಪ್ಪಬೇಕೆಂದರೂ ಆಕೆಗೆ ಜಾಗ ಉಳಿದಿಲ್ಲ."

ನಾಯಕನ ಕೈ ಮೇಲೆಯೇ ನಿಂತಿತು. ಹೊರಟವರು ತಿರುಗಿ ಬಂದರು. ಬಿಟ್ಟ ದಾರಿ ಮುಚ್ಚಿಕೊಂಡಿತು.

ಏಳನೆಯ ಸಲಕ್ಕೆ ಊರು ಉಸಿರು ಹಿಡಿದು ಕಾಯಿತು. ಕೊನೆಯ ಕೆಲವು ಎಣಿಕೆಗಳಲ್ಲಿ ಡೊಳ್ಳುಗಳು ತಮ್ಮ ಮುಂದಿನ ಪೆಟ್ಟಿಗೆ ಕಾಯುತ್ತಾ ಒಂದೊಂದಾಗಿ ಸುಮ್ಮನಾಗತೊಡಗಿದವು. ಎರಡು ಸಾವಿರದ ಐನೂರ ಹತ್ತೊಂಬತ್ತನೆಯ ಎಣಿಕೆಗೆ ಒಂದರ ಮುದುಕನ ಡೊಳ್ಳೊಂದೇ ಬಿತ್ತು. ಉಳಿದ ಒಂಬತ್ತು ಕೈಗಳೂ ಮೇಲೆ ಇದ್ದವು. ಏಳರವಳ ಕೈಯೂ ಮೇಲೆ ಇತ್ತು.

ಮುಂದಿನ ಎಣಿಕೆಗೆ ಹತ್ತೂ ಇಳಿದವು.

ಬಾಗಿಲನ್ನು ಕಾವಲಿನವರು ತೆರೆದರೋ, ಆ ಸದ್ದೇ ತೆರೆಯಿತೋ ಎಂದು ಆಮೇಲೆ ಊರಿನವರು ವಾದ ಮಾಡುತ್ತಿದ್ದರು. ಏಳರ ಕೇರಿಯವರು ಸದ್ದೇ ತೆರೆಯಿತು ಎನ್ನುತ್ತಿದ್ದರು. ಹತ್ತೂ ಇಳಿದ ಮರು ಎಣಿಕೆಗೆ ಎಲ್ಲರೂ ಕೈ ಕೆಳಗಿಟ್ಟಿದ್ದರು. ಒಂದರ ಮುದುಕ ಮಾತ್ರ ಇನ್ನೊಂದು ಪೆಟ್ಟು ಹೊಡೆದನು. ಎಲ್ಲರೂ 'ಏನಜ್ಜ ಇದು' ಎನ್ನುವಂತೆ ನೋಡಿದರು.

"ನಿಲ್ಲಿಸು ಎಂದು ಯಾರೂ ಹೇಳಲಿಲ್ಲವಲ್ಲ" ಎಂದನು ಮುದುಕ.

ಎರಡನೆಯ ಬಟ್ಟಲಿನ ಅಂಚು ಆಗ ಬೆರಳಿನಷ್ಟು ನೀರಿನ ಮೇಲಿತ್ತು.

ನಾಯಕನು ಗಣಕನನ್ನು ಕೇಳಿದನು. "ಎಷ್ಟು?"

"ಎರಡು ಸಾವಿರದ ಐನೂರ ಇಪ್ಪತ್ತು, ಒಡೆಯಾ. ಅದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಈ ಹತ್ತು ಡೊಳ್ಳುಗಳು ಕೂಡುವುದಿಲ್ಲ. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ. ಎರಡರವನಿಗೆ ಸಾವಿರದ ಇನ್ನೂರ ಅರವತ್ತು ಪೆಟ್ಟು. ಹತ್ತರವನಿಗೆ ಇನ್ನೂರ ಐವತ್ತೆರಡು. ಏಳರವಳಿಗೆ ಮುನ್ನೂರ ಅರವತ್ತು. ಉಳಿದವರು ಮೊದಲ ಸಲ ಕೂಡಿದ್ದೂ ಮುನ್ನೂರ ಅರವತ್ತಕ್ಕೇ."

"ಆಗಲೇ ಆಕೆ ಕೈ ಹಾಕಿದ್ದರೆ?"

"ನಮ್ಮ ಊರಿನ ಸಂಖ್ಯೆ ಮುನ್ನೂರ ಅರವತ್ತು ಆಗುತ್ತಿತ್ತು. ಅದೂ ಒಳ್ಳೆಯ ಸಂಖ್ಯೆಯೇ. ಅದನ್ನು ಇಪ್ಪತ್ತನಾಲ್ಕು ಸಂಖ್ಯೆಗಳು ಶೇಷವಿಲ್ಲದೆ ಭಾಗಿಸುತ್ತವೆ. ಏಳರಿಂದ ಭಾಗಿಸಿದರೆ ಮಾತ್ರ ಮೂರು ಉಳಿಯುತ್ತದೆ. ತನ್ನ ಪಾಲು ಎಲ್ಲಿ ಎಂದು ಆ ಮೂರು ಪ್ರತಿದಿನ ನಮ್ಮನ್ನು ಕೇಳುತ್ತಿತ್ತು. ಈಗಿನ ಸಂಖ್ಯೆಯನ್ನು ನಲವತ್ತೆಂಟು ಸಂಖ್ಯೆಗಳು ಭಾಗಿಸುತ್ತವೆ. ಇದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಅಷ್ಟು ಜನ ನೆಂಟರಿಲ್ಲ. ಏಳೊಂದು ಬಂದು ಸೇರಿದ್ದಕ್ಕೆ ನೆಂಟರು ಇಮ್ಮಡಿಯಾದರು."

ಎರಡರ ಕೇರಿಯವನು ಬೆವರು ಒರೆಸಿಕೊಳ್ಳುತ್ತಾ ಬಂದನು. "ಗಣಕರೇ, ನಾನಿರದಿದ್ದರೆ ಸಂಖ್ಯೆ ಎಷ್ಟಾಗುತ್ತಿತ್ತು?"

ಗಣಕನು ಸುಳ್ಳು ಹೇಳುವವನಲ್ಲ. "ಇಷ್ಟೇ ಆಗುತ್ತಿತ್ತು" ಎಂದನು.

"ಮೂರರವರು ಇರದಿದ್ದರೆ?"

"ಆಗಲೂ ಇಷ್ಟೇ. ಐದು, ಏಳು, ಎಂಟು, ಒಂಬತ್ತು, ಈ ನಾಲ್ವರು ಕೂಡಿದರೆ ಉಳಿದವರು ತಾವಾಗಿಯೇ ಕೂಡುತ್ತಾರೆ."

ದಪ್ಪ ಮನುಷ್ಯನ ಮುಖ ಸಣ್ಣದಾಯಿತು. "ಹಾಗಾದರೆ ಅಜ್ಜನನ್ನು ಬಿಟ್ಟರೆ ಎಲ್ಲರಿಗಿಂತ ಹೆಚ್ಚು ಕೈ ನೋಯಿಸಿಕೊಂಡವನು ನಾನು, ಲೆಕ್ಕಕ್ಕೆ ಇಲ್ಲದವನೂ ನಾನೇ" ಎಂದನು.

ಏಳರವಳು ಡೊಳ್ಳಿನ ಹಗ್ಗ ಸಡಿಲಿಸುತ್ತಿದ್ದಳು. ತಲೆ ಎತ್ತಿದಳು.

"ಅಣ್ಣಾ, ಎಂಟರವನನ್ನು ಕೇಳು. ನಿನ್ನ ಪ್ರತಿ ನಾಲ್ಕನೆಯ ಪೆಟ್ಟಿನ ಜೊತೆಗೇ ಅವನ ಕೈ ಇಳಿಯುತ್ತಿತ್ತು. ನೀನು ಲೆಕ್ಕದ ಹೊರಗಿಲ್ಲ, ಒಳಗಿದ್ದೀ. ಜೊತೆಗೆ ಯಾರೂ ಇಲ್ಲದವಳು ನಾನೊಬ್ಬಳೇ. ನನ್ನ ಬದಲು ಎಣಿಸುವವರು ಇರಲಿಲ್ಲ. ಅದಕ್ಕೇ ಬಿಡಲಿಲ್ಲ."

ಎಂಟರವನು ತಲೆಯಾಡಿಸಿದನು. ದಪ್ಪ ಮನುಷ್ಯನ ಮುಖ ಮತ್ತೆ ಮೊದಲಿನಷ್ಟಾಯಿತು.

"ಅಜ್ಜ ಕೊನೆಯಲ್ಲಿ ಹೊಡೆದ ಆ ಹೆಚ್ಚಿನ ಪೆಟ್ಟು?" ಎಂದು ನಾಯಕನು ನಗುತ್ತಾ ಕೇಳಿದನು.

"ಎರಡು ಸಾವಿರದ ಐನೂರ ಇಪ್ಪತ್ತೊಂದು. ಅಜ್ಜನನ್ನು ಬಿಟ್ಟರೆ ಅದು ಯಾರ ಪಾಲಿಗೂ ಬರುವುದಿಲ್ಲ, ಒಡೆಯಾ. ಇಬ್ಬರಿಗೆ ಹಂಚಿದರೂ ಒಂದು ಉಳಿಯುತ್ತದೆ, ಹತ್ತು ಜನಕ್ಕೆ ಹಂಚಿದರೂ ಒಂದು ಉಳಿಯುತ್ತದೆ. ಹತ್ತು ದಾಟಿ ನೋಡಿದರೂ ಅಷ್ಟೇ, ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಸಮಪಾಲಾಗಿ ಅದನ್ನು ಒಡೆಯುವ ಸಂಖ್ಯೆಯೇ ಇಲ್ಲ. ಎಲ್ಲರಿಗೂ ಸಲ್ಲುವ ಸಂಖ್ಯೆಯ ಪಕ್ಕದ ಮನೆಯಲ್ಲಿ ಯಾರಿಗೂ ಸಲ್ಲದ ಸಂಖ್ಯೆ ಇದೆ. ನಡುವೆ ಇರುವುದು ಒಂದೇ ಪೆಟ್ಟು."

ನಾಯಕನು ಡೊಳ್ಳುಗಳನ್ನು ಕೇರಿಗಳಿಗೆ ಹಿಂದಿರುಗಿಸಿದನು. ಬೆಂಕಿ ಬಿದ್ದರೆ, ಶತ್ರು ಬಂದರೆ, ಹತ್ತೂ ಡೊಳ್ಳುಗಳು ಮುದುಕನ ಒಂದರ ಎಣಿಕೆ ಹಿಡಿಯಬೇಕೆಂದು ಕಟ್ಟಳೆ ಮಾಡಿದನು. ಉಳಿದ ದಿನಗಳಲ್ಲಿ ಅವರವರ ಎಣಿಕೆ ಅವರವರಿಗೆ.

ಬಾಗಿಲಿನ ಮೇಲಿನ ಕಲ್ಲಿನಲ್ಲಿ ನಾಲ್ಕು ಅಂಕಿಗಳನ್ನು ಕೆತ್ತಿಸಿದರು. ೨೫೨೦. ಬೇರೆ ಏನನ್ನೂ ಕೆತ್ತಿಸಲಿಲ್ಲ. ನಾಯಕನ ಹೆಸರನ್ನೂ ಇಲ್ಲ. ದಾರಿಹೋಕರು ನಿಂತು, "ಇದು ಸೈನ್ಯದ ಲೆಕ್ಕವೋ, ಬಾಗಿಲಿಗೆ ಬಿದ್ದ ಖರ್ಚೋ?" ಎಂದು ಕೇಳುತ್ತಿದ್ದರು. ಬಾಗಿಲು ಕಾಯುವವನು ಎದೆ ಉಬ್ಬಿಸಿ, "ಹತ್ತರೊಳಗೆ ನಿಮಗೆ ಇಷ್ಟವಾದ ಒಂದು ಸಂಖ್ಯೆ ಹೇಳಿ. ನಮ್ಮದು ಅದಕ್ಕೆ ಸಮಪಾಲು ಕೊಡುತ್ತದೆ" ಎನ್ನುತ್ತಿದ್ದನು. ಅವರು ಒಂಬತ್ತು ಎಂದರೆ ಇನ್ನೂರ ಎಂಬತ್ತು. ಎಂಟು ಎಂದರೆ ಮುನ್ನೂರ ಹದಿನೈದು. ಬುದ್ಧಿವಂತನೊಬ್ಬ ಒಮ್ಮೆ, "ಹನ್ನೊಂದು" ಎಂದನು.

"ಹನ್ನೊಂದರ ಕೇರಿ ನಮ್ಮಲ್ಲಿ ಇನ್ನೂ ಇಲ್ಲ" ಎಂದನು ಕಾವಲಿನವನು. "ನೀವು ಡೊಳ್ಳು ತಂದು ಇಲ್ಲೇ ನೆಲೆಸಿ. ನಿಮಗಾಗಿ ನಮ್ಮ ಸಂಖ್ಯೆಯನ್ನು ದೊಡ್ಡದು ಮಾಡಿಕೊಳ್ಳುತ್ತೇವೆ."

ಗುರುಗಳು ಕತೆ ಮುಗಿಸಿ ಮತ್ತೆ ಹಗ್ಗ ಬಿಗಿಯತೊಡಗಿದರು.

ಬಾಚಲೆಯ ಮುಖದಲ್ಲಿ ಬೆಳಕಿತ್ತು. ಅವಳ ಹೆಬ್ಬೆರಳು ಗೆರೆಗಳ ಮೇಲೆ ಈಗ ಸೆರಗಿನ ಹೊರಗೇ ನಡೆಯುತ್ತಿತ್ತು.

"ಅವಳು ಬಾಗಲಿಲ್ಲ, ಗುರುಗಳೇ. ಊರೇ ಹೇಳಿದರೂ ಬಾಗಲಿಲ್ಲ. ನಾನೂ ನನ್ನ ಏಳನ್ನು ಬಿಡುವುದಿಲ್ಲ."

"ಬಿಡಬೇಡ" ಎಂದರು ಗುರುಗಳು.

ಬಾಚಲೆ ಎದ್ದಳು. ಡೊಳ್ಳನ್ನು ಹೆಗಲಿಗೆ ಸರಿಮಾಡಿಕೊಂಡಳು. ಗಂಟನ್ನು ಕಂಕುಳಿಗೆ ಇಟ್ಟುಕೊಂಡು, ಬಾಗಿ ಅವರ ಪಾದ ಮುಟ್ಟಿದಳು.

"ಹಾಗಾದರೆ ನನಗೆ ಹೊರಡಲು ಅಪ್ಪಣೆ ಕೊಡಿ" ಎಂದಳು.

"ಹೊರಡುವ ಮೊದಲು ಒಂದು ಮಾತು ಹೇಳಿ ಹೋಗು, ಮಗಳೇ. ಅವಳ ಜಾಗದಲ್ಲಿ ನೀನು ಕುಳಿತಿದ್ದರೆ, ಆ ಆರು ಸಲದಲ್ಲಿ ಎಷ್ಟನೆಯ ಸಲ ಎದ್ದು ಹೋಗುತ್ತಿದ್ದೆ?"